ಹೊಳೆಗಿಳಿಯುತ್ತಿದ್ದ ಬಾಂದುಕಲ್ಲುಗಳು

ಠಣ್. ಸ್ವಲ್ಪ ಬಿಟ್ಟು ಇನ್ನೊಂದು ಠಣ್. ಆಮೇಲೆ ಮರಳ ಮೇಲೆ ಏನೋ ಭಾರದ ವಸ್ತು ಮಗ್ಗುಲು ಬದಲಿಸಿದ ಹಾಗೆ ಗರಕ್. ಮಾಘಮಾಸದ ಭಾನುವಾರ ಬೆಳಗ್ಗೆ, ತೋಟದ ಮನೆಯ ಜಗಲಿಯಲ್ಲಿ ನಾನೂ ತಂಗಿಯೂ ಕಂಬಳಿಯೊಳಗೇ ಇರುವಾಗ ಕೇಳಿಬರುತ್ತಿದ್ದ ಸದ್ದು ಅದು. ಹಾರೆಕೋಲು ಕಲ್ಲಿಗೆ ತಗುಲುತ್ತಿತ್ತು. ನಮ್ಮ ತೋಟದ ಗಡಿ ಹೊಳೆಗೆ ಇಳಿಯುತ್ತಿತ್ತು.

ಅಪ್ಪನಿಗೆ ಚನ್ನರಾಯಪಟ್ಟಣದಲ್ಲಿ ಪಾತ್ರೆ ಅಂಗಡಿ. ಹೊಳೆನರಸೀಪುರದಿಂದ ಕೆಳಕ್ಕೆ, ಹೇಮಾವತಿ ದಂಡೆಯ ಮೇಲೆ, ಒಂದು ತೆಂಗಿನ ತೋಟ. ತೋಟಕ್ಕೆ ನಾಲ್ಕು ಮೂಲೆ, ನಾಲ್ಕು ಬಾಂದುಕಲ್ಲು. ಸರ್ವೆಯವರು ಗಡಿ ಗುರುತಿಗೆಂದು ಹೂಳುವ ಮೊಣಕಾಲೆತ್ತರದ ಕಲ್ಲುಗಳು. ರಸ್ತೆ ಕಡೆಯ ಎರಡು ಯಾವತ್ತೂ ಅಲ್ಲಾಡಿದ್ದಿಲ್ಲ. ಹೊಳೆ ಕಡೆಯ ಎರಡು ಮಾತ್ರ ವರ್ಷಕ್ಕೆರಡು ಸಲ ಪ್ರಯಾಣ ಮಾಡುತ್ತಿದ್ದವು. ಮಾಘದಲ್ಲಿ ಹೊಳೆ ಸಣ್ಣಗಾಗಿ ಆಚೆ ದಡಕ್ಕೆ ಅಂಟಿಕೊಂಡಾಗ ಅವನ್ನು ಕಿತ್ತು ನಲವತ್ತು ಹೆಜ್ಜೆ ಮುಂದೆ, ಮರಳಿನಲ್ಲಿ ನೆಡುವುದು. ಜ್ಯೇಷ್ಠ ಮುಗಿಯುವ ಹೊತ್ತಿಗೆ, ನೀರು ಬಂದು ಕೊಚ್ಚಿಕೊಂಡು ಹೋಗುವ ಮುಂಚೆ, ಮತ್ತೆ ಮೇಲಕ್ಕೆ ತಂದು ದಂಡೆಯ ಮೇಲಿನ ಹಳೇ ಗುಂಡಿಯಲ್ಲೇ ಕೂರಿಸುವುದು. ಕಲ್ಲು ಎಲ್ಲಿಯೋ ಅಲ್ಲಿವರೆಗೂ ನಮ್ಮದು. ಆ ಐದು ತಿಂಗಳು ಮರಳೂ ನಮ್ಮದು. ಅದರಲ್ಲಿ ಗುಂಡಿ ತೋಡಿ, ಗೊಬ್ಬರ ತುಂಬಿ ಸೌತೆಕಾಯಿ ಬೆಳೆಯಲು ಒಬ್ಬಳಿಗೆ ಕೊಟ್ಟಿದ್ದರು. ಕಾಯಿಯಲ್ಲಿ ಅರ್ಧ ನಮ್ಮ ಮನೆಗೆ. ಕಲ್ಲು ಇಳಿಸುವ, ಏರಿಸುವ ಕೆಲಸ ಅವಳದೇ. ಮೊದಲು ಅವಳ ಅತ್ತೆ ಮಾಡುತ್ತಿದ್ದಳು, ಆಮೇಲೆ ಸೊಸೆಯಾದ ಅವಳು. ಆ ದಂಡೆಯುದ್ದಕ್ಕೂ ಎಲ್ಲ ತೋಟದವರೂ ಹಾಗೇ ಮಾಡುತ್ತಿದ್ದರು. ತಪ್ಪು ಅಂತ ಒಬ್ಬರಿಗೂ ಅನ್ನಿಸಿರಲಿಲ್ಲ.

ಅಪ್ಪನಿಗಂತೂ ಇಲ್ಲವೇ ಇಲ್ಲ. ನಾವು ಜೈನರು. ಅಪ್ಪ ನೀರನ್ನು ಬಿಳಿ ಬಟ್ಟೆಯಲ್ಲಿ ಸೋಸದೆ ಬಾಯಿಗೆ ಹಾಕಿದವರಲ್ಲ. ಅದರಲ್ಲಿರುವ ಕಣ್ಣಿಗೆ ಕಾಣದ ಜೀವ ನೋಯಬಾರದು, ಸೋಸಿದ ಬಟ್ಟೆಯನ್ನು ಮತ್ತೆ ಅದೇ ಬಾವಿಗೆ ಜಾಲಾಡಿಸಬೇಕು. ಅಷ್ಟು ಸೂಕ್ಷ್ಮ. ಅದೇ ಅಪ್ಪ ವರ್ಷಾ ವರ್ಷ ನಲವತ್ತು ಹೆಜ್ಜೆ ಹೊಳೆಯನ್ನೇ ಜೇಬಿಗೆ ಹಾಕಿಕೊಂಡು ಬಸದಿಗೆ ಹೋಗಿ ಬರುತ್ತಿದ್ದರು. ವೆರಿ ರೆಸ್ಪೆಕ್ಟೆಬಲ್ ಮ್ಯಾನ್. ಹಾಸನದ ಕಾನ್ವೆಂಟಿನಲ್ಲಿ ನಾನು 'ಆಟೋಬಯಾಗ್ರಫಿ ಆಫ್ ಎ ರಿವರ್' ಅಂತ ಎಸ್ಸೆ ಬರೆದು ಪ್ರೈಜ್ ತಂದಾಗ ಅಂಗಡಿಗೆ ಬಂದವರಿಗೆಲ್ಲ ತೋರಿಸಿದರು. ಆ ಎಸ್ಸೆಯಲ್ಲಿ ಹೊಳೆ ತನ್ನ ಬಗ್ಗೆ ಏನೇನೋ ಹೇಳಿಕೊಂಡಿತ್ತು. ನಮ್ಮ ಕಲ್ಲಿನ ಬಗ್ಗೆ ಮಾತ್ರ ಚಕಾರ ಎತ್ತಿರಲಿಲ್ಲ.

ಅಪ್ಪ ಹೋದ ಮೇಲೆ ತೋಟ ನಮ್ಮಿಬ್ಬರ ಹೆಸರಿಗೆ ಜಂಟಿ ಖಾತೆಯಾಯಿತು. ನಾನು ಮದುವೆಯಾಗಲಿಲ್ಲ. ಹಾಸನದಲ್ಲೇ ಇಂಗ್ಲಿಷ್ ಟೀಚರಾಗಿ, ರಿಟೈರಾಗಿ, ಅಲ್ಲೇ ಒಂದು ಸಣ್ಣ ಮನೆಯಲ್ಲಿದ್ದೇನೆ. ತಂಗಿಯನ್ನು ಅರಕಲಗೂಡಿನ ಕಡೆ ಕೊಟ್ಟದ್ದು. ಅವಳ ಗಂಡ ರಿಟೈರ್ಡ್ ಎಂಜಿನಿಯರ್. ಯಾವ ಇಲಾಖೆ ಅನ್ನುವುದು ಇಲ್ಲಿ ಬೇಡ. ಆತ ಕಟ್ಟಿಸಿದ ಸೇತುವೆಗಳ ಮೇಲೆ ನಾನು ಬಸ್ಸಿನಲ್ಲಿ ಹೋಗುವಾಗ ಕಣ್ಣು ಮುಚ್ಚಿಕೊಂಡಿರುತ್ತೇನೆ, ಅಷ್ಟು ಹೇಳಿದರೆ ಸಾಕು.

ರಿಟೈರಾದ ಮೇಲೆ ಆತನಿಗೆ ಹೊಳೆ ಕಾಣಿಸಿತು. ಅಲ್ಲಿಯವರೆಗೆ ಬೇಸಿಗೆಯಲ್ಲಿ ಒಂದು ದಿನ ಬಂದು ಎಳನೀರು ಕುಡಿದು, ಡಿಕ್ಕಿಯಲ್ಲಿ ಸೌತೆಕಾಯಿ ತುಂಬಿಕೊಂಡು ಹೋಗುತ್ತಿದ್ದ ಮನುಷ್ಯ.

"ಅತ್ತಿಗೆ, ಇದು ತೋಟ ಅಲ್ಲ. ದಿಸ್ ಈಸ್ ಎ ವಾಟರ್‌ಫ್ರಂಟ್ ಪ್ರಾಪರ್ಟಿ" ಅಂದರು.

"ಹಾಗಾದರೆ ತೆಂಗಿನಮರಗಳಿಗೆ ತಿಳಿಸಿಬಿಡಿ, ಪಾಪ, ಅವಕ್ಕೆ ಗೊತ್ತಿಲ್ಲ" ಅಂದೆ.

ನಗಲಿಲ್ಲ. ಎಂಜಿನಿಯರುಗಳು ತಮ್ಮ ಪ್ಲಾನಿನ ವಿಷಯದಲ್ಲಿ ನಗುವುದಿಲ್ಲ. ದಂಡೆಯ ತುದಿಗೆ ಹೊಳೆಯ ಕಡೆ ಮುಖ ಮಾಡಿ ಮನೆ. ಮುಂದೆ ಮರಳಿನವರೆಗೆ ಚಾಚಿಕೊಂಡ ಒಂದು ಮ್ಯೂಸಿಕ್ ಹಾಲ್, ಮೂರು ಕಡೆ ಗಾಜು. ಅದರಿಂದ ನೀರಿಗೆ ಮೆಟ್ಟಿಲು. ಮೆಟ್ಟಿಲಿನ ಎರಡೂ ಪಕ್ಕ ಕಾಂಕ್ರೀಟಿನ ತಡೆಗೋಡೆ. ಮ್ಯೂಸಿಕ್ ಹಾಲ್ ತಂಗಿಗೋಸ್ಕರವಂತೆ. ಅವಳು ಹುಡುಗಿಯಾಗಿದ್ದಾಗ ರುದ್ರಪಟ್ಟಣದ ಮೇಷ್ಟರೊಬ್ಬರ ಹತ್ತಿರ ಐದು ವರ್ಷ ಸಂಗೀತ ಕಲಿತಿದ್ದಳು. ಮದುವೆಯಾದ ಮೇಲೆ ಆ ಮನೆಯಲ್ಲಿ ಅವಳು ಬಾಯಿ ಬಿಟ್ಟು ಹಾಡಿದ್ದನ್ನು ನಾನು ಕೇಳಿಲ್ಲ. ಮಂದಿಯನ್ನು ಕರೆದು ಕಚೇರಿ ಮಾಡಿಸುತ್ತಾರಂತೆ, ಹೊಳೆಯ ಹಿನ್ನೆಲೆಯಲ್ಲಿ. ಮೂವತ್ತು ವರ್ಷ ಬಾಯಿ ಮುಚ್ಚಿಸಿದ ಹೆಂಡತಿಗೆ ಗಾಜಿನ ಹಾಲು.

ಹೊಳೆ ದಂಡೆಯಲ್ಲಿ ಮನೆ ಕಟ್ಟುವುದಕ್ಕೆ ನಕ್ಷೆ ಮಂಜೂರಾಗಬೇಕು. ಹೊಳೆಯ ಅಂಚಿನಿಂದ ಇಷ್ಟು ದೂರ ಖಾಲಿ ಬಿಡಬೇಕು ಅನ್ನುವ ರೂಲ್ ಇದೆ. ಅದು ಆತನಿಗೆ ನನಗಿಂತ ಚೆನ್ನಾಗಿ ಗೊತ್ತು. ಹಾಗಾಗಿ ಮೊದಲು ಸರ್ವೆ ಮಾಡಿಸಿದರು. ಯಾವಾಗ? ಚೈತ್ರದಲ್ಲಿ. ಕಲ್ಲುಗಳು ಕೆಳಗೆ ಮರಳಿನಲ್ಲಿ ಸುಖವಾಗಿ ನಿಂತಿದ್ದಾಗ.

ಸರ್ವೆಗೆ ಬಂದವನು ರಸ್ತೆ ಕಡೆಯ ಎರಡು ಕಲ್ಲು ಅಳೆದ. ಸರಿ ಇತ್ತು. ಅಷ್ಟು ಹೊತ್ತಿಗೆ ಬಿಸಿಲು ಏರಿತ್ತು, ಎಳನೀರು ಕೆತ್ತಿದ್ದರು. ಮೇಲಿನವೆರಡು ಸರಿ ಇದ್ದ ಮೇಲೆ ಕೆಳಗಿನವೆರಡೂ ಸರಿಯೇ ಅಂತ ನೆರಳಲ್ಲಿ ಕೂತೇ ಸ್ಕೆಚ್ಚು ಹಾಕಿದ. ಸೌತೆ ಬಳ್ಳಿಗೆ ನೀರು ಹೊಯ್ಯುತ್ತಿದ್ದವಳು ಬಂದು, "ಸಾ, ಅವು ಬ್ಯಾಸ್ಗೆ ಕಲ್ಲು ಕಣ್ ಸಾ, ಮಳೆಗಾಲ್ದಾಗೆ ಮ್ಯಾಲಕ್ ಓಯ್ತವೆ" ಅಂದಳಂತೆ. ನಮ್ಮ ಎಂಜಿನಿಯರು, "ನೀನು ನಿನ್ನ ಸೌತೆಕಾಯಿ ನೋಡ್ಕೊಳಮ್ಮ. ಕಲ್ಲಿನ ವಿಷಯ ನಮಗೆ ಬಿಡು" ಅಂದರಂತೆ. ಇದನ್ನು ಆಮೇಲೆ ತಂಗಿಯೇ ನನಗೆ ಹೇಳಿದ್ದು. ಮೋಸ ಮಾಡಲು ಹೊರಟವನಾಗಿದ್ದರೆ ಆತನ ಬಗ್ಗೆ ಸ್ವಲ್ಪ ಮರ್ಯಾದೆಯಾದರೂ ಉಳಿಯುತ್ತಿತ್ತು. ಮೋಸವಲ್ಲ. ಕಲ್ಲಿಗೆ ಕಾಲಿದೆ ಅನ್ನುವುದು ಆತನಿಗೆ ನಿಜವಾಗಿಯೂ ಗೊತ್ತಿರಲಿಲ್ಲ. ಗೊತ್ತಿದ್ದವಳು ಹೇಳಿದಾಗ ಕೇಳಿಸಿಕೊಳ್ಳುವ ಅಭ್ಯಾಸವೂ ಇರಲಿಲ್ಲ.

ನಾನೇನು ಮಹಾ? ಖಾತೆಯಲ್ಲಿ ನನ್ನ ಹೆಸರಿದ್ದುದರಿಂದ ಆಕ್ಷೇಪಣೆಯಿಲ್ಲ ಅಂತ ನನ್ನ ಸಹಿಯೂ ಬೇಕಾಗಿತ್ತು. ಫೈಲು ಹಿಡಿದುಕೊಂಡು ಹಾಸನಕ್ಕೆ ಬಂದರು. ಮೇಲೆ ಇಂಗ್ಲಿಷಿನಲ್ಲಿ ಒಂದು ಕವರಿಂಗ್ ಲೆಟರ್. ಅದನ್ನು ನೋಡಿ ನನ್ನ ರಕ್ತ ಕುದಿಯಿತು. ಒಂದು ಪುಟದಲ್ಲಿ ಹನ್ನೊಂದು ತಪ್ಪು. ಒಳಗೆ ಹೋಗಿ ಕೆಂಪು ಇಂಕಿನ ಪೆನ್ನು ತಂದೆ. ಅರ್ಧ ಗಂಟೆ ಕೂತು ತಿದ್ದಿದೆ. ಎರಡು ವಾಕ್ಯವನ್ನಂತೂ ಪೂರಾ ಹೊಸದಾಗಿ ಬರೆದುಕೊಟ್ಟೆ. "ಅತ್ತಿಗೆ, ಯೂ ಆರ್ ಎ ಜೆಮ್" ಅಂದರು. ಆ ಜೆಮ್ಮು ಕೊನೇ ಪುಟದ ಸ್ಕೆಚ್ಚನ್ನು ನೋಡದೆ ಸಹಿ ಹಾಕಿತು. ನಲವತ್ತು ಹೆಜ್ಜೆ ಹೊಳೆ ನನ್ನ ಕಣ್ಣೆದುರಿಗೇ ಕಾಗದದ ಮೇಲೆ ಮಲಗಿತ್ತು, ನಾನು ಪ್ರಿಪೊಸಿಷನ್ ಹುಡುಕುತ್ತಿದ್ದೆ.

ನಕ್ಷೆ ಪಾಸಾಯಿತು. ಪಾಸು ಮಾಡಿದ ಆಫೀಸು ಯಾವ ಊರಲ್ಲಿದೆ ಅಂತ ಬರೆಯುವುದಿಲ್ಲ. ಈ ನಾಲ್ಕು ತಾಲ್ಲೂಕಿನಲ್ಲಿ ಯಾವ ಆಫೀಸಿನ ಮೇಜಿನ ಮೇಲೆ ಇಟ್ಟಿದ್ದರೂ ಪಾಸಾಗುತ್ತಿತ್ತು. ಸ್ಥಳಕ್ಕೆ ಹೋಗಿ ನೋಡಿ ಬರುವುದು ಅಲ್ಲಿ ಯಾರಿಗೂ ಒಗ್ಗಿದ ಕೆಲಸವಲ್ಲ.

ಜ್ಯೇಷ್ಠ ಮುಗಿಯಿತು. ಆಕೆ ಎಂದಿನಂತೆ ಹಾರೆಕೋಲು ತಂದು ಕಲ್ಲುಗಳನ್ನು ಎಬ್ಬಿಸಿ, ಮೇಲಕ್ಕೆ ಉರುಳಿಸಿಕೊಂಡು ಬಂದು, ಹಳೇ ಗುಂಡಿಯಲ್ಲಿ ಕೂರಿಸಿ ಮನೆಗೆ ಹೋದಳು. ವಾರದ ನಂತರ ಕಂಟ್ರಾಕ್ಟರು ಬಂದು ಪ್ಲಾನಿನ ಪ್ರಕಾರ ಸುಣ್ಣದ ಗೆರೆ ಎಳೆದ. ಒಂದು ಬಾಂದುಕಲ್ಲು ಮ್ಯೂಸಿಕ್ ಹಾಲಿನ ನಟ್ಟನಡುವೆ ನಿಂತಿತ್ತು. ಇನ್ನೊಂದು ಗೆಸ್ಟ್ ಬಾತ್‌ರೂಮಿನಲ್ಲಿ. ಗೆರೆಯ ಮುಂದಿನ ಅರ್ಧ ನೀರಿನೊಳಗೆ ಎಳೆಯಬೇಕಾಗಿದ್ದರಿಂದ ಎಳೆಯಲಾಗಲಿಲ್ಲ.

ಇಷ್ಟು ನೋಡಿದ ಯಾವ ಮನುಷ್ಯನಿಗಾದರೂ ಸಂಗತಿ ತಿಳಿಯಬೇಕು. ನಮ್ಮ ಎಂಜಿನಿಯರಿಗೆ ತಿಳಿದದ್ದು ಬೇರೆ. ಯಾರೋ ತನ್ನ ಗಡಿಕಲ್ಲು ಕಿತ್ತು ಒಳಗೆ ತಂದು ನೆಟ್ಟಿದ್ದಾರೆ. ಯಾರು ಅಂತ ಕೇಳಿದರು. ಆಕೆ ಮುಚ್ಚುಮರೆಯಿಲ್ಲದೆ, "ನಾನೇ ಕಣ್ ಸಾ, ಪ್ರತಿ ವರ್ಸ ನಾನೇಯ" ಅಂದಳು. ಅದನ್ನು ತಪ್ಪೊಪ್ಪಿಗೆ ಅಂತ ತಿಳಿದು ಸೀದಾ ಠಾಣೆಗೆ ಹೋಗಿ ಅರ್ಜಿ ಕೊಟ್ಟರು. ದುರುದ್ದೇಶದಿಂದ ಸರ್ವೆ ಕಲ್ಲು ಕಿತ್ತು ಜರುಗಿಸಿದ್ದಾಳೆ. ಹೊಳೆಯನ್ನೂ ಯಾರೋ ದುರುದ್ದೇಶದಿಂದ ತಂದು ಬಿಟ್ಟಿದ್ದಾರೆ ಅಂತ ಅದರಲ್ಲೇ ಒಂದು ಸಾಲು ಸೇರಿಸಬಹುದಾಗಿತ್ತು.

ಇದೆಲ್ಲ ನನಗೆ ತಿಳಿದದ್ದು ಆಷಾಢದ ಒಂದು ಮಧ್ಯಾಹ್ನ, ಆಕೆ ಹಾಸನದ ನನ್ನ ಮನೆ ಬಾಗಿಲಿಗೆ ಬಂದಾಗ. ಅದುವರೆಗೂ ಆಕೆ ಹಾಸನಕ್ಕೆ ಬಂದವಳಲ್ಲ. ನನ್ನ ಹಳೇ ಲೆಟರ್‌ಹೆಡ್ಡಿನ ಚೂರನ್ನು ತೋರಿಸಿ ತೋರಿಸಿ ದಾರಿ ಕೇಳಿಕೊಂಡು ಬಂದಿದ್ದಳು. ನನ್ನ ವಯಸ್ಸಿನವಳೇ. ಒಳಗೆ ಬಾ ಅಂದರೆ ಬರಲಿಲ್ಲ, ಹೊಸಲಿನ ಹೊರಗೆ ಕೂತಳು.

"ಅಮ್ಮಾರೆ, ಎಲ್ಡ್ ದಪ ಟೇಸನ್‌ಗೆ ಕರ್ಸವ್ರೆ. ಬೆಂಚ್ ಮ್ಯಾಲೆ ಬೆಳಗ್ನಿಂದ ಸಂಜೆಗಂಟ ಕುಂಡ್ರುಸ್ಕಂಡಿದ್ರು."

"ಏನು ಕೇಳಿದ್ರು?"

"ಏನೂ ಕೇಳ್ನಿಲ್ಲ. ಕುಂತ್ಕ ಅಂದ್ರು, ಕುಂತ್ಕಂಡೆ. ಓಗು ಅಂದ್ರು, ಬಂದೆ."

"ಹೊಡೀಲಿಲ್ಲ ತಾನೇ?"

"ಒಡುದ್ರೆ ಮಾಯ್ತದೆ ಬುಡಿ. ಸಂತೇಲಿ ಕಲ್ಗಳ್ಳಿ ಅಂತವ್ರೆ ಅಮ್ಮಾರೆ. ನನ್ ಸೊಸೆ ತವರ್ನೋರು ಬಂದು, ನಿಮ್ಮತ್ತೆ ಅದೇನೋ ಕದ್ಬುಟ್ಟವ್ಳಂತೆ ಅಂತ ಕೇಳುದ್ರು. ನಾನ್ ಯಾರ್ ಕಾಯಿ ಕಿತ್ತಿದ್ದೀನಿ? ನಿಮ್ಮಪ್ಪಾರು ಏಳಿದ್ದು, ನಮ್ಮತ್ತೆ ಮಾಡಿದ್ಲು. ನಮ್ಮತ್ತೆ ಏಳಿದ್ಲು, ನಾನ್ ಮಾಡ್ದೆ. ಅಷ್ಟೇ ತಾನೇ?"

"ಅಷ್ಟೇ" ಅಂದೆ.

"ಅದ್ನೇ ನೀವು ಬಂದು ಒಂದ್ ಮಾತು ಏಳ್ಬುಡಿ. ಮರಳು ಕೊಡಿ ಅಂತ ಕೇಳಾಕ್ ಬಂದಿಲ್ಲ. ಕಳ್ಳಿ ಅಲ್ಲ ಅಂತ ಏಳುದ್ರೆ ಸಾಕು."

ಹೇಳುತ್ತೇನೆ ಅಂದೆ. ಎಷ್ಟು ಸುಲಭವಾಗಿ ಅಂದೆ. ಆಕೆ ಹೋದ ಮೇಲೆ ಮೇಜಿನ ಮುಂದೆ ಕೂತು ಇಂಗ್ಲಿಷಿನಲ್ಲಿ ಮೂರು ಪುಟದ ಪತ್ರ ಬರೆದೆ. ನನ್ನ ಜೀವಮಾನದ ಅತ್ಯುತ್ತಮ ಪ್ರೋಸ್. ನದಿಗಳ ಸ್ವಭಾವ, ಋತುಗಳು, ಕಸ್ಟಮರಿ ಪ್ರಾಕ್ಟೀಸ್, ಆ ಹೆಂಗಸಿನ ಅನ್‌ಬ್ಲೆಮಿಷ್ಡ್ ಕ್ಯಾರಕ್ಟರ್. ಎಲ್ಲ ಇತ್ತು. ಅಪ್ಪ ಮಾತ್ರ ಆ ಮೂರು ಪುಟದಲ್ಲಿ ಎಲ್ಲೂ ಇರಲಿಲ್ಲ. ನಕ್ಷೆಯ ಆಫೀಸಿಗೂ ಠಾಣೆಗೂ ರಿಜಿಸ್ಟರ್ಡ್ ಪೋಸ್ಟಿನಲ್ಲಿ ಕಳಿಸಿ, ಕರ್ತವ್ಯ ಮುಗಿಯಿತು ಅಂತ ಕಾಫಿ ಕುಡಿದೆ.

ಒಂದು ತಿಂಗಳಾದರೂ ಯಾರೂ ಕೇಳಲಿಲ್ಲ. ಆಕೆಯನ್ನು ಮೂರನೇ ಸಲ ಬೆಂಚಿನ ಮೇಲೆ ಕೂರಿಸಿದರು ಅಂತ ಸುದ್ದಿ ಬಂತು. ಬಸ್ಸು ಹತ್ತಿ ಅರಕಲಗೂಡಿಗೆ ಹೋದೆ. ತಂಗಿ ಒಬ್ಬಳೇ ಇದ್ದಳು. ಗಂಡ ರಾಮನಾಥಪುರಕ್ಕೆ, ಹೊಗೆಸೊಪ್ಪಿನ ಕೊಯ್ಲಿಗೆ ಹೋಗಿದ್ದರು. ಅವರ ಮನೆತನದ್ದು ಅಲ್ಲಿ ಸ್ವಲ್ಪ ಹೊಗೆಸೊಪ್ಪಿನ ಜಮೀನಿದೆ. ಆತ ಸೋಸಿದ ನೀರು ಕುಡಿದು, ಸೂರ್ಯ ಮುಳುಗುವ ಮುಂಚೆ ಊಟ ಮುಗಿಸಿ, ಊರಿನ ಶ್ವಾಸಕೋಶಕ್ಕೆ ಹೊಗೆಸೊಪ್ಪು ಬೆಳೆಯುತ್ತಾರೆ.

"ಅರ್ಜಿ ವಾಪಸ್ ತಗೋ ಅಂತ ಹೇಳೇ ನಿನ್ನ ಗಂಡನಿಗೆ. ಕಲ್ಲಿನ ಕಥೆ ನಿನಗೆ ಗೊತ್ತಿಲ್ವಾ?" ಅಂದೆ.

"ಗೊತ್ತಿಲ್ದೇ ಏನಕ್ಕ. ಇಬ್ರೂ ಒಂದೇ ಕಂಬಳೀಲಿ ಮಲಗಿ ಕೇಳಿಲ್ವಾ."

"ಮತ್ತೆ ಹೇಳು."

"ಹೇಳಿದ್ರೆ ಏನಂತ ಬರ್ಕೋತಾರೆ? ಆ ಹೆಂಗಸು ಕಳ್ಳಿ ಅಲ್ಲ, ನಮ್ಮಪ್ಪ ಕಳ್ಳ ಅಂತ. ಹೊಳೆ ಒತ್ತುವರಿ ಮಾಡ್ದೋರು ಅಂತ. ಇವರ ಮನೇಲಿ ನಾನು ಆಮೇಲೆ ತಲೆ ಎತ್ಕೊಂಡು ಓಡಾಡ್ಲಾ?"

"ಈಗ ಬಹಳ ತಲೆ ಎತ್ಕೊಂಡು ಓಡಾಡ್ತಿದೀಯಾ?"

ಮಾತು ತುಸು ಹೆಚ್ಚಾಯಿತು. ಅವಳು ಗೋಡೆಯ ಮೇಲಿದ್ದ ಅಪ್ಪನ ಫೋಟೋ ಕಡೆ ನೋಡಿದಳು, ನನ್ನ ಕಡೆ ನೋಡಲಿಲ್ಲ. "ನಿಂಗೇನು, ಒಬ್ಬಳೇ ಇದೀಯ. ಅಪ್ಪನ ಹೆಸರು ಬಿಟ್ರೆ ನಂಗೆ ಈ ಮನೇಲಿ ಬೇರೆ ಏನಿದೆ ಅಕ್ಕ" ಅಂದಳು. ಮುಂದಿನ ಬಸ್ಸಿಗೆ ವಾಪಸ್ ಬಂದೆ.

ಭಾದ್ರಪದದಲ್ಲಿ ನಮ್ಮಲ್ಲಿ ಹತ್ತು ದಿನದ ವ್ರತ ಮುಗಿದ ಮೇಲೆ ಕ್ಷಮಾವಣಿ ಅಂತ ಮಾಡುತ್ತೇವೆ. ವರ್ಷವಿಡೀ ತಿಳಿದೋ ತಿಳಿಯದೆಯೋ ಮಾಡಿದ ತಪ್ಪಿಗೆ ಒಬ್ಬರಿಗೊಬ್ಬರು ಕೈ ಮುಗಿದು ಕ್ಷಮೆ ಕೇಳುವ ದಿನ. ಸಣ್ಣವಳಾಗಿದ್ದಾಗ ನನಗೆ ಅತ್ಯಂತ ಇಷ್ಟದ ದಿನ. ದೊಡ್ಡವರು ಸಣ್ಣವರಿಗೆ ಕೈ ಮುಗಿಯುತ್ತಾರಲ್ಲ ಅಂತ. ಆ ದಿನ ಗಂಡ ಹೆಂಡತಿ ಇಬ್ಬರೂ ಹಾಸನಕ್ಕೆ ಬಂದರು. ಬಿಳಿ ಪಂಚೆ, ಬಿಳಿ ಶಲ್ಯ. ಹೊಸಲಲ್ಲೇ ನಿಂತು ಕೈ ಮುಗಿದು, "ಉತ್ತಮ ಕ್ಷಮಾ ಅತ್ತಿಗೆ. ಮನಸಾ ವಾಚಾ ಕರ್ಮಣಾ ಏನಾದರೂ ನೋವಾಗಿದ್ರೆ ಕ್ಷಮಿಸಬೇಕು" ಅಂದರು.

"ನನ್ನನ್ನೇನು ಕೇಳ್ತೀರಿ. ಠಾಣೆ ಬೆಂಚಿನ ಮೇಲೆ ಕೂತವಳನ್ನು ಕೇಳಿ."

"ಅತ್ತಿಗೆ, ಅದು ಲೀಗಲ್ ಮ್ಯಾಟರ್. ಇದು ಸ್ಪಿರಿಚುಯಲ್. ಎರಡೂ ಮಿಕ್ಸ್ ಮಾಡಬಾರದು."

ಎಂಥ ಮನುಷ್ಯ. ದೇವರಂಥ ತಾಳ್ಮೆಯಿಂದ ಹೇಳಿದರು. ನಾನೂ ಕೈ ಮುಗಿದೆ, ಅಭ್ಯಾಸಬಲ. ಕೋಸಂಬರಿ ತಿಂದರು. ಸೂರ್ಯ ಮುಳುಗುವ ಮುಂಚೆ ಊಟಕ್ಕೆ ಮನೆ ಸೇರಬೇಕು ಅಂತ ಹೊರಟರು. ತಂಗಿ ಕಾರು ಹತ್ತುವ ಮುಂಚೆ ನನ್ನ ಕೈ ಹಿಡಿದು ಒತ್ತಿ ಬಿಟ್ಟಳು.

ದಸರಾ ಕಳೆದ ಮೇಲೆ ಮಹಜರಿಗೆ ದಿನ ಗೊತ್ತಾಯಿತು. ಮಂಜೂರಾದ ನಕ್ಷೆಗೂ ಸ್ಥಳಕ್ಕೂ ತಾಳೆಯಾಗುತ್ತಿಲ್ಲ ಅಂತ ನಮ್ಮ ಎಂಜಿನಿಯರೇ ದೂರು ಕೊಟ್ಟಿದ್ದರಿಂದ ಆಫೀಸರು ಕೊನೆಗೂ ಸ್ಥಳ ನೋಡಲು ಬರಬೇಕಾಗಿ ಬಂತು. ಠಾಣೆಯಿಂದಲೂ ಒಬ್ಬರು. ಸರ್ವೆಯವನು. ಎಂಜಿನಿಯರು, ತಂಗಿ, ನಾನು. ಆಕೆ ದೂರದಲ್ಲಿ ಒಂದು ತೆಂಗಿನಮರದ ಬುಡದಲ್ಲಿ ನಿಂತಿದ್ದಳು. ಹೊಳೆ ಇನ್ನೂ ತುಂಬಿತ್ತು. ಸುಣ್ಣದ ಗೆರೆ ಮಳೆಗೆ ತೊಳೆದುಹೋಗಿ ಮ್ಯೂಸಿಕ್ ಹಾಲಿನ ಒಂದು ಮೂಲೆ ಮಾತ್ರ ಉಳಿದಿತ್ತು.

ಆಫೀಸರು ಫೈಲಿನಿಂದ ನನ್ನ ಪತ್ರ ತೆಗೆದರು. "ಮೇಡಮ್, ನೀವೇನಾ ಇದನ್ನ ಬರೆದದ್ದು? ಇಂಥ ಇಂಗ್ಲಿಷ್ ಈಗ ಯಾರು ಬರೀತಾರೆ ಹೇಳಿ. ನನ್ನ ಮಗಳಿಗೆ ಓದಿಸ್ಬೇಕು ಅಂತ ಒಂದು ಜೆರಾಕ್ಸ್ ಮಾಡಿಸ್ಕೊಂಡಿದೀನಿ."

"ನೀವು ಓದಿದ್ರಾ?"

"ಫಸ್ಟ್ ಪ್ಯಾರಾ ಓದಿದೆ ಮೇಡಮ್. ಎಕ್ಸಲೆಂಟ್."

ಮೂರು ಪುಟದ ಗತಿ ಅಷ್ಟೇ ಆಯಿತು. ಆಮೇಲೆ ಆತ ಸಾದಾ ಕನ್ನಡದಲ್ಲಿ ಸಾದಾ ಪ್ರಶ್ನೆ ಕೇಳಿದರು. "ಈ ಕಲ್ಲು ಜರುಗಿಸಿದ್ದು ಯಾರು?"

ಎಂಜಿನಿಯರು ಬೆರಳು ತೋರಿಸಿದರು. "ಅವಳು. ಒಪ್ಪಿಕೊಂಡಿದ್ದಾಳೆ."

"ಯಾರು ಹೇಳಿ ಜರುಗಿಸ್ದೆಯಮ್ಮ?"

ಆಕೆ ನನ್ನ ಕಡೆ ನೋಡಿದಳು. ಆಕೆಯೇ ಅಂದುಬಿಡಬಹುದಾಗಿತ್ತು, ಇವರಪ್ಪ ಅಂತ. ಸತ್ತವರ ಹೆಸರನ್ನು ಅವರ ಮಕ್ಕಳ ಎದುರಿಗೆ ಎತ್ತುವುದು ಆಕೆಗೆ ಸರಿ ಕಾಣಲಿಲ್ಲವೋ ಏನೋ. ಅಷ್ಟು ನಾಜೂಕು ಆ ಗುಂಪಿನಲ್ಲಿ ಬೇರೆ ಯಾರಿಗೂ ಇರಲಿಲ್ಲ. ತಂಗಿ ನನ್ನ ಸೆರಗಿನ ತುದಿ ಹಿಡಿದುಕೊಂಡಿದ್ದಳು.

"ನಮ್ಮಪ್ಪ" ಅಂದೆ. "ಅಪ್ಪ ಹೋದ ಮೇಲೆ ನಾವಿಬ್ಬರು. ಬೇಡ ಅಂತ ನಾವು ಹೇಳಲಿಲ್ಲ. ಬೇಸಿಗೆಯಲ್ಲಿ ಹೊಳೆ ನಮ್ಮದು ಅಂತ ಅಂದುಕೊಂಡಿದ್ದೆವು. ಕಾಯಿಯಲ್ಲಿ ಅರ್ಧ ಮನೆಗೆ ಬರ್ತಿತ್ತು. ಈಗ ಕಲ್ಲು ಇರೋ ಜಾಗವೇ ನಿಜವಾದ ಗಡಿ. ಸ್ಕೆಚ್ಚಿನಲ್ಲಿರೋದು ಸುಳ್ಳು ಗಡಿ. ಈಕೆ ಸುಳ್ಳನ್ನ ಕಿತ್ತು ನಿಜದ ಜಾಗಕ್ಕೆ ತಂದಿಟ್ಟಿದ್ದಾಳೆ, ಅಷ್ಟೇ."

"ಅಕ್ಕ, ಸಾಕು" ಅಂದಳು ತಂಗಿ, ಬಹಳ ಮೆತ್ತಗೆ.

ಸರ್ವೆಯವನು ಹೊಳೆಯ ಕಡೆ ತಿರುಗಿ ನಿಂತ. ಎಂಜಿನಿಯರ ಮುಖ ನೋಡಬೇಕಾಗಿತ್ತು. ಅವಮಾನವಲ್ಲ, ಲೆಕ್ಕಾಚಾರ. ಕಲ್ಲು ಹಿಂದೆ ಹೋದರೆ ಮನೆ ಎಷ್ಟು ಹಿಂದೆ ಹೋಗಬೇಕು ಅಂತ ಕಣ್ಣಲ್ಲೇ ಅಳೆಯುತ್ತಿದ್ದರು. ಆಫೀಸರು ಮಾತ್ರ ಖುಷಿಯಾಗಿದ್ದರು. ಹೊಸದೊಂದು ಹಾಳೆ ತೆಗೆದು ಮೇಲೆ ದಪ್ಪಕ್ಷರದಲ್ಲಿ 'ನದಿ ಪಾತ್ರ ಒತ್ತುವರಿ' ಅಂತ ಬರೆದರು. ಕೆಳಗೆ ಅಪ್ಪನ ಹೆಸರು, ಬಿನ್ ಯಾರು ಅನ್ನುವುದರ ಸಮೇತ. ನಾನು ಸಹಿ ಹಾಕಿದೆ. ಈ ಸಲ ಓದಿ ಹಾಕಿದೆ. ತಂಗಿ ಸಹಿ ಹಾಕಲಿಲ್ಲ, ಕಾರಿನಲ್ಲಿ ಹೋಗಿ ಕೂತಳು.

ಆಮೇಲೆ ಆದದ್ದನ್ನು ಬರೆಯಲು ನಾಚಿಕೆಯಾಗುತ್ತದೆ. ಠಾಣೆಯ ಅರ್ಜಿ ಮುಗಿಯಿತು, ಆಕೆಯನ್ನು ಮತ್ತೆ ಕರೆಸಲಿಲ್ಲ. ನಕ್ಷೆ ರದ್ದಾಯಿತು. ಒಂದೂವರೆ ತಿಂಗಳಲ್ಲಿ ಪರಿಷ್ಕೃತ ನಕ್ಷೆ ಅಂತ ಇನ್ನೊಂದು ಪಾಸಾಯಿತು. ಜಂಟಿ ಖಾತೆಯನ್ನು ಆತ ಅಷ್ಟರಲ್ಲಿ ನನ್ನನ್ನು ಒಪ್ಪಿಸಿ ಭಾಗ ಮಾಡಿಸಿ, ಹೊಳೆ ಕಡೆಯದನ್ನು ತಂಗಿಯ ಹೆಸರಿಗೆ ಮಾಡಿಸಿಕೊಂಡಿದ್ದರಿಂದ ಹೊಸ ನಕ್ಷೆಗೆ ನನ್ನ ಸಹಿ ಬೇಕಾಗಲಿಲ್ಲ. ಮನೆ ಕೆಲವು ಹೆಜ್ಜೆ ಹಿಂದೆ ಸರಿದು ಕಾಗದದಲ್ಲಿ ಫಾರ್ಮ್ ಹೌಸ್ ಆಯಿತು. ಮ್ಯೂಸಿಕ್ ಹಾಲು 'ಕೃಷಿ ಉತ್ಪನ್ನ ಒಣಗಿಸುವ ಅಂಗಳ'ವಾಯಿತು. ಗಾಜು ಮೂರು ಕಡೆಯೂ ಬಂತು. ಕೊಬ್ಬರಿ ಗಾಜಿನೊಳಗೆ ಒಣಗುತ್ತದೆ ಅಂತ ನಂಬುವ ಆಫೀಸು ನಮ್ಮದು. ಮೆಟ್ಟಿಲು, ತಡೆಗೋಡೆ ಎಲ್ಲ 'ದಂಡೆ ಕೊರೆತ ತಡೆಯುವ ಕಾಮಗಾರಿ'.

ಒತ್ತುವರಿ ಅಂತ ಬರೆದ ಮೇಲೆ ಏನಾದರೂ ಕ್ರಮ ಆಗಬೇಕಲ್ಲ, ಅದಕ್ಕೆ ಮರಳಿನ ಅಂಚಿಗೆ ಒಂದು ಬೋರ್ಡು ನೆಟ್ಟರು. ನದಿ ಪಾತ್ರದಲ್ಲಿ ಕೃಷಿ ನಿಷೇಧಿಸಲಾಗಿದೆ. ಗಾಜಿನ ಹಾಲಿನ ಕೆಳಗೇ ಇದೆ ಆ ಬೋರ್ಡು. ಆ ಮಾಘದಲ್ಲಿ ಹೊಳೆ ಸಣ್ಣಗಾಯಿತು, ಮರಳು ಬಯಲಾಯಿತು, ಬಳ್ಳಿ ಇಲ್ಲ. ಅಪ್ಪನ ಹೆಸರು ಹೋಯಿತು, ಆಕೆಯ ಮರಳು ಹೋಯಿತು, ಕಾಂಕ್ರೀಟು ಹೊಳೆಯೊಳಗೇ ಇದೆ. ನಾನು ನಿಜ ಹೇಳಿದ್ದರಿಂದ ಆದ ಉಪಕಾರ ಇಷ್ಟು. ತಂಗಿ ಫೋನ್ ಮಾಡುವುದನ್ನು ನಿಲ್ಲಿಸಿದ್ದಾಳೆ. ಗೃಹಪ್ರವೇಶದ ಕಾರ್ಡು ಪೋಸ್ಟಿನಲ್ಲಿ ಬಂತು, ನಾಲ್ಕು ತಪ್ಪುಗಳೊಂದಿಗೆ. ತಿದ್ದಲಿಲ್ಲ, ಹೋಗಲೂ ಇಲ್ಲ.

ಆಕೆಯನ್ನು ಕಡೆಯ ಸಲ ನೋಡಿದ್ದು ಹೊಳೆನರಸೀಪುರದ ಬಸ್ ಸ್ಟ್ಯಾಂಡಿನಲ್ಲಿ. ನಾನು ನನ್ನ ಭಾಗದ ತೆಂಗಿನಕಾಯಿ ವಿಚಾರಿಸಿಕೊಂಡು ಹಾಸನದ ಬಸ್ಸಿಗೆ ಕಾಯುತ್ತಿದ್ದೆ. ಆಕೆ ಇನ್ನೂ ನಾಲ್ಕೈದು ಹೆಂಗಸರ ಜೊತೆ ರಾಮನಾಥಪುರದ ಬಸ್ಸಿನ ಮುಂದೆ ನಿಂತಿದ್ದಳು. ಹೊಗೆಸೊಪ್ಪನ್ನು ಕೋಲಿಗೆ ಪೋಣಿಸುವ ಕೂಲಿಗೆ ಹೋಗುತ್ತಿದ್ದರು. ಕೈಬೆರಳು ಕಪ್ಪಾಗಿದ್ದವು.

"ಚೆನ್ನಾಗಿದೀಯಾ?" ಅಂದೆ.

"ಇವ್ನಿ ಅಮ್ಮಾರೆ. ಸೊಪ್ಪಿನ್ ವಾಸ್ನೆಗೆ ತಲೆ ತಿರುಗ್ತದೆ ಒಂದೀಟು. ನೀವ್ ಸೊರ್ಗೋಗಿದ್ದೀರಿ."

ಬ್ಲೌಸಿನೊಳಗಿಂದ ಒಂದು ಪ್ಲಾಸ್ಟಿಕ್ ಕವರು ತೆಗೆದಳು. ಅದರೊಳಗೆ ಲ್ಯಾಮಿನೇಷನ್ ಮಾಡಿಸಿದ ಒಂದು ಹಾಳೆ. ಠಾಣೆಯವರು ಕೊಟ್ಟ ಹಿಂಬರಹ.

"ಕೇಳಿದವ್ರಿಗೆಲ್ಲ ಇದ್ನೇ ತೋರುಸ್ತೀನಿ. ನಮ್ಮವ್ರಿಗೆ ಯಾರ್ಗೂ ಸರ್ಯಾಗ್ ಓದಾಕ್ ಬರಕ್ಕಿಲ್ಲ. ನೀವ್ ಒಂದ್ಸಲ ನೋಡಿ. ನಾನ್ ಕಳ್ಳಿ ಅಲ್ಲಾ ಅಂತ ಬರ್ದವ್ರೆ ತಾನೆ?"

ಕನ್ನಡಕ ಹಾಕಿಕೊಂಡು ಓದಿದೆ. ಮೂರು ಸಾಲು. ಸದರಿ ಅರ್ಜಿಯನ್ನು ವಿಚಾರಣೆ ಮಾಡಲಾಗಿದ್ದು, ಸಿವಿಲ್ ಸ್ವರೂಪದ್ದೆಂದು ಕಂಡುಬಂದ ಮೇರೆಗೆ ವಿಲೇವಾರಿ ಮಾಡಲಾಗಿದೆ. ಆಕೆಯ ಹೆಸರು ಎದುರುದಾರರು ಅನ್ನುವಲ್ಲಿ ಇತ್ತು. ಬೇರೇನೂ ಇರಲಿಲ್ಲ.

ಜೊತೆಯ ಹೆಂಗಸರು ಮಾತು ನಿಲ್ಲಿಸಿ ನನ್ನ ಬಾಯನ್ನೇ ನೋಡುತ್ತಿದ್ದರು.

"ಹೌದು, ಬರೆದಿದ್ದಾರೆ" ಅಂದೆ.

"ಎಲ್ಲಿ?"

ಮೂರನೇ ಸಾಲಿನ ಮೇಲೆ ಬೆರಳಿಟ್ಟೆ. ಆಕೆ ಬಗ್ಗಿ ಆ ಜಾಗವನ್ನು ಚೆನ್ನಾಗಿ ನೋಡಿಕೊಂಡಳು. ಆಮೇಲೆ ಪಕ್ಕದವಳ ಕಡೆ ತಿರುಗಿ ತನ್ನ ಕಪ್ಪು ಬೆರಳನ್ನು ಅದೇ ಸಾಲಿನ ಮೇಲಿಟ್ಟು, "ಇಲ್ಲಿ ಐತೆ ಕಣಮ್ಮಿ" ಅಂದಳು. ಕಂಡಕ್ಟರು ಸೀಟಿ ಊದಿದ. ಹಾಳೆಯನ್ನು ಕವರಿಗೆ ಸೇರಿಸಿ, ಕವರನ್ನು ಎದೆಯೊಳಗೆ ಸೇರಿಸಿ, ಸೀರೆ ಎತ್ತಿ ಹಿಡಿದು ಬಸ್ಸು ಹತ್ತಿದಳು.